ಸಂಬಳವೂ ಸಮಾಧಾನವೂ

ದುಡಿಯುವವನನ್ನು ದುಡಿಮೆಗೆ ಹಚ್ಚುವುದು ಸಂಬಳವೊಂದೇ ಎನ್ನುವವರಿದ್ದಾರೆ. ಸಂಬಳಕ್ಕಾಗಿ ದುಡಿಯುವುದು ಕೀಳೆನ್ನುವವರೂ ಇದ್ದಾರೆ. ಎರಡನೆಯ ಮಾತನ್ನು ಆಡುವವರು ಬಹುಮಟ್ಟಿಗೆ ಸಂಬಳ ಕೊಡುವ ಕಡೆಯವರೇ ಆಗಿರುತ್ತಾರೆಂಬುದು ಗಮನಿಸತಕ್ಕ ಸಂಗತಿ.

ಮೊದಲನೆಯ ಮಾತು ಪೂರ್ತಿ ನಿಜವಲ್ಲವೆಂಬುದನ್ನು ಶಿಕ್ಷಕರಾದ ನಾವು ಬಲ್ಲೆವು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಎಂದು ಎರಡು ನುಡಿಗಳ ನಡುವೆ ಬೆಳೆಯುವ ನಮ್ಮ ಭಾಗದ ಹುಡುಗನು, ತಿಂಗಳುಗಟ್ಟಲೆ ಒತ್ತಕ್ಷರದಲ್ಲಿ ಎಡವಿ, ಒಂದು ದಿನ ತಪ್ಪಿಲ್ಲದೆ ಬರೆದು ಪಾಟಿಯನ್ನು ಎತ್ತಿ ಹಿಡಿದಾಗ ಗುರುವಿಗಾಗುವ ಹಿಗ್ಗು ಪಗಾರ ಪಟ್ಟಿಯ ಯಾವ ಅಂಕಣದಲ್ಲಿಯೂ ಇರುವುದಿಲ್ಲ.

ಈ ಹಿಗ್ಗನ್ನು ಕುರಿತು ವಿಚಾರಿಸಿದ ಪಂಡಿತರುಂಟು. ಅಮೆರಿಕದ ಮನಃಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗನು ಸಂಗಡಿಗರೊಡನೆ ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು 200 ಮಂದಿ ಇಂಜಿನಿಯರರನ್ನೂ ಲೆಕ್ಕಿಗರನ್ನೂ ಕಂಡು, ಕೆಲಸದಲ್ಲಿ ಅತಿ ಸಂತೋಷವಾದ ಸಂದರ್ಭವಾವುದು, ಅತಿ ಬೇಸರವಾದುದಾವುದು ಎಂದು ಕೇಳಿ, 1959ರಲ್ಲಿ ಅದನ್ನು ಗ್ರಂಥವಾಗಿ ಪ್ರಕಟಿಸಿದನು. ಸಂತೋಷದ ಕಥೆಗಳಲ್ಲಿ ಕೆಲಸ ಕೈಗೂಡಿದ್ದು, ಮನ್ನಣೆ ದೊರೆತದ್ದು, ಹೊಣೆ ಹೆಗಲಿಗೆ ಬಂದದ್ದು ಕಾಣಿಸಿಕೊಂಡುವು. ಬೇಸರದ ಕಥೆಗಳಲ್ಲಿ ಸಂಸ್ಥೆಯ ಕಟ್ಟಳೆ, ಮೇಲಧಿಕಾರಿಯ ನಡವಳಿಕೆ ಮೊದಲಾದುವು. ಸಂಬಳವನ್ನು ಅವನು ಈ ಎರಡನೆಯ ಗುಂಪಿಗೆ ಸೇರಿಸಿದನು. ಅದು ಸಾಲದಿದ್ದರೆ ಮನಸ್ಸು ಕಹಿಯಾಗುತ್ತದೆ. ಸಾಕಷ್ಟಿದ್ದರೆ ಕಹಿ ತೊಲಗುತ್ತದೆ, ಆದರೆ ಅಷ್ಟರಿಂದಲೇ ಉತ್ಸಾಹ ಹುಟ್ಟದು. (ಗೆದ್ದಾಗ ತನ್ನನ್ನೂ ಸೋತಾಗ ಪರರನ್ನೂ ನೆನೆಯುವುದು ಮನುಷ್ಯಸ್ವಭಾವವಾದುದರಿಂದ ಇಂಥ ಉತ್ತರಗಳನ್ನು ಹಾಗೆಯೇ ನಂಬಲಾಗದೆಂದು ಆಕ್ಷೇಪಿಸಿದವರೂ ಉಂಟು.) ಸಂಬಳ ಬೇಡವೆಂದು ಅವನೇನೂ ಹೇಳಲಿಲ್ಲ. ಕಹಿ ಕಳೆಯುವುದು ಮೊದಲಾಗಬೇಕಷ್ಟೆ.

ನಮ್ಮಲ್ಲಿ ದುಡಿಮೆಯ ಈ ಒಳಗಿನ ಬೆಲೆಯನ್ನು ಹನ್ನೆರಡನೆಯ ಶತಮಾನದ ಶರಣರು ಕಾಯಕವೆಂಬ ಶಬ್ದದಲ್ಲಿ ತುಂಬಿಟ್ಟರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತರಲು, ಹೆಂಡತಿ ಲಕ್ಕಮ್ಮನು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದಳೆಂದು ಕಥೆ. ಭಾಷಣಗಳಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೇವೆ. ಆದರೆ ಬೇಡವೆಂದವರು ಯಾರು? ಎಷ್ಟು ಸಾಕೆಂಬುದನ್ನು ಒಲೆಯ ಮುಂದಿದ್ದ ಲಕ್ಕಮ್ಮನೇ ನಿರ್ಧರಿಸಿದಳು. ಅಂಗಳದ ಒಡೆಯನು ಬಂದು, "ನಿಮಗೆ ಕಾಯಕವೇ ದೊಡ್ಡದಲ್ಲವೆ, ಇಷ್ಟು ಅಕ್ಕಿ ಸಾಕು" ಎಂದಿದ್ದರೆ ಅದು ಬೇರೆಯೇ ಕಥೆಯಾಗುತ್ತಿತ್ತು.

ಆ ಬೇರೆಯ ಕಥೆ ನಮ್ಮ ಸುತ್ತಲೂ ನಡೆದಿದೆ. 1975ರಲ್ಲಿ ಆರಂಭವಾದ ಯೋಜನೆಯ ಅಂಗನವಾಡಿ ಕಾರ್ಯಕರ್ತೆಗೆ ಸಲ್ಲುವುದು ಗೌರವಧನ. 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಬಂದ ಆಶಾ ಕಾರ್ಯಕರ್ತೆಗೆ ಪ್ರೋತ್ಸಾಹಧನ. ಕೂಸುಗಳಿಗೆ ಲಸಿಕೆ ಹಾಕಿಸಲು ಮಳೆಯಲ್ಲಿ ಓಣಿ ಓಣಿ ತಿರುಗುವ ಆ ತಾಯಂದಿರಿಗೆ ತಮ್ಮ ಕೆಲಸದ ಮೇಲೆ ನಿಜವಾದ ಮಮತೆಯಿದೆ. ಮಮತೆ ಅವರದು, ಅದನ್ನು ಲೆಕ್ಕದಲ್ಲಿ ಹಿಡಿದು ಸಂಬಳವೆಂಬ ಹೆಸರನ್ನೇ ಬಿಟ್ಟುದು ನ್ಯಾಯವೆ? ಗೌರವವೆಂಬ ಶಬ್ದವು ಧನದ ಮುಂದೆ ನಿಂತು ಧನವನ್ನೇ ಕಿರಿದು ಮಾಡಿದೆ.

ಲಕ್ಕಮ್ಮನ ಕಥೆಯನ್ನು ತರಗತಿಯಲ್ಲಿ ಹೇಳಿದಾಗ ಹುಡುಗಿಯೊಬ್ಬಳು ಕೇಳಿದಳು: "ಗುರುಗಳೇ, ಮರುದಿನ ಅಕ್ಕಿ ಕಡಿಮೆ ಸಿಕ್ಕಿದ್ದರೆ ಆಕೆ ಏನೆನ್ನುತ್ತಿದ್ದಳು?" ಅದು ಕಥೆಯಲ್ಲಿಲ್ಲ. ಹೆಚ್ಚಾದಾಗ ಬಾಯಿಬಿಟ್ಟವಳು ಕಡಿಮೆಯಾದಾಗ ಸುಮ್ಮನಿರುತ್ತಿರಲಿಲ್ಲವೆಂದು ನನ್ನ ಊಹೆ ಎಂದೆನು.