ಅದು ಯಾರ ಕರ್ಮ?

ತಪ್ಪು ಮಾಡದವನು ಜೈಲು ಸೇರಿದಾಗ ‘ಪೂರ್ವಜನ್ಮದ ಕರ್ಮ’ ಎನ್ನುವವರಿದ್ದಾರೆ. ನೊಂದವರೇ ಹಾಗೆಂದುಕೊಂಡರೆ ಅದೊಂದು ಸಮಾಧಾನ. ಹೊರಗಿನವರು ಹೇಳಿದರೆ ಕೈತೊಳೆದುಕೊಂಡ ಹಾಗೆ.

ಕೊಡಗಿನ ಆದಿವಾಸಿಯೊಬ್ಬರು ಹೆಂಡತಿಯನ್ನು ಕೊಂದ ಆರೋಪದಲ್ಲಿ ಸೆರೆವಾಸ ಅನುಭವಿಸಿದರು. ಬೆಟ್ಟದಪುರದ ಬಳಿ ಸಿಕ್ಕ ಅಸ್ಥಿಪಂಜರ ಆಕೆಯದೇ ಎಂದಿದ್ದರು ಪೊಲೀಸರು. 2025ರ ಏಪ್ರಿಲ್‌ನಲ್ಲಿ ಆಕೆ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತವಾಗಿ ಕಾಣಿಸಿಕೊಂಡರು! ಅದೇ ತಿಂಗಳು ಮೈಸೂರಿನ ನ್ಯಾಯಾಲಯ ಗಂಡನನ್ನು ಖುಲಾಸೆಗೊಳಿಸಿತು. ಶಿಕ್ಷೆ ಆಗಿಬಿಟ್ಟ ಮೇಲೆ ದಾರಿ ಇನ್ನೂ ಕಠಿಣ. ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಆರು ಬಡ ಅಲೆಮಾರಿಗಳಿಗೆ 2009ರಲ್ಲಿ ಗಲ್ಲೇ ಸರಿ ಎಂದಿದ್ದ ಸುಪ್ರೀಂ ಕೋರ್ಟು, 2019ರಲ್ಲಿ ಅವರು ನಿರ್ದೋಷಿಗಳೆಂದು ಬಿಡುಗಡೆ ಮಾಡಿತು.

ತೀರ್ಪು ಕೊಡುವವರೂ ಮನುಷ್ಯರೇ. ಹಾಗಿರುವಾಗ ಕೊಟ್ಟ ತೀರ್ಪನ್ನು ಮರಳಿ ನೋಡುವುದು ಧರ್ಮದ ಕೆಲಸವಲ್ಲವೇ?

ನ್ಯೂಯಾರ್ಕಿನ ಕಾರ್ಡೋಜೊ ಕಾನೂನು ಶಾಲೆಯಲ್ಲಿ 1992ರಲ್ಲಿ ಶುರುವಾದ ಇನ್ನೊಸೆನ್ಸ್ ಪ್ರಾಜೆಕ್ಟ್ ಈ ಕೆಲಸಕ್ಕೆ ವಿದ್ಯಾರ್ಥಿಗಳನ್ನು ಹಚ್ಚಿತು. ನಮ್ಮ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯೂ ಲಾ ಕಾಲೇಜುಗಳಲ್ಲಿ ಕಾನೂನು ನೆರವಿನ ಕ್ಲಿನಿಕ್ ಬೆಳೆಸಲು ಹೇಳುತ್ತದೆ. ಬೆಂಗಳೂರಿನಲ್ಲಿ, ವಿಜಯನಗರದ ಪಕ್ಕದ ನಾಗರಭಾವಿಯಲ್ಲೇ ರಾಷ್ಟ್ರೀಯ ಕಾನೂನು ಶಾಲೆಯಿದೆ. ಅಲ್ಲಿ ದೇಶದ ನಾನಾ ಕಡೆಯ ಮಕ್ಕಳು ಓದುತ್ತಾರೆ. ಆದರೆ ಕೆಳ ನ್ಯಾಯಾಲಯದ ಸಾಕ್ಷಿ ಹೇಳಿಕೆ, ಕೈಬರಹದ ಮಹಜರು ಹೆಚ್ಚಾಗಿ ಕನ್ನಡದಲ್ಲಿರುತ್ತವೆ; ಹೊರಗಿನಿಂದ ಬಂದವರಿಗೆ ಅವನ್ನು ಓದುವುದು ಕಷ್ಟ. ರಾಜಾಜಿನಗರ, ಬಸವೇಶ್ವರನಗರದ ನಿವೃತ್ತ ವಕೀಲರು, ಶಿರಸ್ತೇದಾರರು ವಾರಕ್ಕೊಂದು ಸಂಜೆ ಆ ವಿದ್ಯಾರ್ಥಿಗಳ ಪಕ್ಕದಲ್ಲಿ ಕೂತು ಆ ಹಾಳೆಗಳನ್ನು ಓದಿ ಹೇಳಿದರೆ, ಪಂಚರ ಸಹಿಯ ತಾರೀಖು ಮತ್ತು ಹೇಳಿಕೆಯ ತಾರೀಖು ತಾಳೆಯಾಗದ್ದು ಅಲ್ಲೇ ಗೊತ್ತಾಗಬಹುದು.