ಎರಡನೆಯ ಆಧಾರ

ಒಂದು ಆಶ್ರಯವನ್ನು ನಂಬಿದವನು ಅದರ ಪಕ್ಕದಲ್ಲಿ ಮತ್ತೊಂದನ್ನೂ ಇರಿಸಿಕೊಂಡರೆ ಮೊದಲನೆಯ ನಂಬಿಕೆಗೆ ಊನ ಬಂದಂತಾಗುವುದೆ ಎಂಬ ಪ್ರಶ್ನೆ ನಮ್ಮ ಧರ್ಮವಿಚಾರದಲ್ಲಿ ಹೊಸತಲ್ಲ. ಶರಣಾಗತಿಯನ್ನು ಪರಮೋಪಾಯವೆಂದು ಹಿಡಿದ ಶ್ರೀವೈಷ್ಣವ ಆಚಾರ್ಯರು ಇದಕ್ಕೆ ಬ್ರಹ್ಮಾಸ್ತ್ರನ್ಯಾಯವೆಂಬ ದೃಷ್ಟಾಂತವನ್ನು ಕೊಡುತ್ತಾರೆ. ಲಂಕೆಯಲ್ಲಿ ಇಂದ್ರಜಿತ್ತು ಪ್ರಯೋಗಿಸಿದ ಬ್ರಹ್ಮಾಸ್ತ್ರಕ್ಕೆ ಕಟ್ಟುಬಿದ್ದಿದ್ದ ಹನುಮಂತನನ್ನು ರಾಕ್ಷಸರು ಅಷ್ಟಕ್ಕೆ ತೃಪ್ತರಾಗದೆ ನಾರಿನ ಹಗ್ಗಗಳಿಂದಲೂ ಬಿಗಿದರು. ಹಾಗೆ ಬಿಗಿದೊಡನೆ ಅಸ್ತ್ರವು ತನ್ನ ಬಂಧನವನ್ನು ತಾನೇ ಸಡಿಲಿಸಿತು. ಪ್ರಪತ್ತಿಯ, ಎಂದರೆ ಶರಣಾಗತಿಯ, ಸ್ವಭಾವವೂ ಅಂಥದೇ, ಬೇರೊಂದು ಉಪಾಯದ ನೆರವನ್ನು ಬಯಸಿದ ಕ್ಷಣದಲ್ಲಿ ಅದು ಕೈಜಾರುತ್ತದೆ ಎಂಬುದು ಅವರ ಅಭಿಪ್ರಾಯ.

ಈ ಗಂಭೀರ ಸಿದ್ಧಾಂತವನ್ನು ಸಕಲೇಶಪುರದ ಕಡೆಯ ಕಾಫಿತೋಟದ ಕೆಸರುದಾರಿಯಲ್ಲಿ ಟೈರು ಪಂಕ್ಚರಾಗಿ ನಿಂತ ಜೀಪಿನ ಪಕ್ಕಕ್ಕೆ ಕರೆತರುವುದು ಕೆಲವರಿಗೆ ಅವಿನಯವೆಂದು ತೋರೀತು. ಆದರೂ ತರಬೇಕಾಗಿದೆ. ಏಕೆಂದರೆ ಆಚಾರ್ಯರು ಬೇಡಿದ ಆ ಅನನ್ಯತೆಯನ್ನು ನಾವು ಭಗವಂತನಿಗೆ ಸಲ್ಲಿಸುವುದು ಅಪರೂಪ. ಎರಡು ಟನ್ ಎಂದು ಮೈಮೇಲೆ ಬರೆಸಿಕೊಂಡ ಕಬ್ಬಿಣಕ್ಕೆ ಮಾತ್ರ ಧಾರಾಳವಾಗಿ ಸಲ್ಲಿಸುತ್ತೇವೆ. ಸ್ಪ್ರಿಂಗುಗಳನ್ನು ಬದಲಾಯಿಸಿ, ದೊಡ್ಡ ಟೈರುಗಳನ್ನು ತೊಡಿಸಿ, ಮೂಲದ ಎತ್ತರಕ್ಕಿಂತ ನಾಲ್ಕಾರು ಅಂಗುಲ ಮೇಲಕ್ಕೇರಿಸಿದ ವಾಹನವನ್ನು ಒಂದೇ ಒಂದು ಜಾಕಿನ ಮೇಲೆ ನಿಲ್ಲಿಸಿ, ಅದರ ಅಡಿಯಲ್ಲಿ ಭುಜದವರೆಗೆ ಮೈತೂರಿಸಿ, "ಏನೂ ಆಗಲ್ಲ ಬಿಡಿ, ದೇವರಿದ್ದಾನೆ" ಎನ್ನುವವನ ಬಾಯಲ್ಲಿ ದೇವರ ಹೆಸರಿದ್ದರೂ ಅವನ ಪ್ರಪತ್ತಿ ಸಂದಿರುವುದು ಜಾಕಿಗೆ.

ಆಧಾರವನ್ನು ಆರಿಸಿಕೊಳ್ಳುವುದರಲ್ಲಿ ಮೊದಲನೆಯ ಮೋಹ ಎತ್ತರದ್ದು. ವಾಹನವನ್ನು ಎತ್ತರಿಸಿದೆವಷ್ಟೆ, ಆದುದರಿಂದ ಜಾಕೂ ಎತ್ತರದ್ದಾಗಬೇಕೆಂದು ಹೊರನೋಟಕ್ಕೆ ತೋರುತ್ತದೆ. ಗಾಡಿಯ ಕೆಳಗೆ ಬಗ್ಗಿ ನೋಡಿದವನಿಗೆ ಕಾಣುವ ಸಂಗತಿ ಬೇರೆ. ಸ್ಪ್ರಿಂಗನ್ನು ಎತ್ತರಿಸಿದಾಗ ಮೇಲೇರುವುದು ಚಾಸಿ ಮತ್ತು ಅದರ ಮೇಲಿನ ಒಡಲು. ಚಕ್ರಗಳೆರಡನ್ನು ಕೂಡಿಸಿದ ಆಕ್ಸಲ್ ಇದ್ದಲ್ಲಿಯೇ ಇರುತ್ತದೆ. ದೊಡ್ಡ ಟೈರು ಹಾಕಿದರೆ ಮಾತ್ರ ಅದು ಏರುತ್ತದೆ, ಅದೂ ಟೈರಿನ ವ್ಯಾಸ ಹೆಚ್ಚಿದುದರ ಅರ್ಧದಷ್ಟು. ಚಾಸಿಗೆ ಜಾಕು ಕೊಟ್ಟು ಎತ್ತತೊಡಗಿದರೆ, ಇಷ್ಟು ಹೊತ್ತು ಭಾರಕ್ಕೆ ಕುಗ್ಗಿದ್ದ ಸ್ಪ್ರಿಂಗು ಮೊದಲು ತಾನು ಹಿಗ್ಗುತ್ತದೆ, ಒಡಲು ಗೇಣುದ್ದ ಏರಿದರೂ ಚಕ್ರ ನೆಲಕ್ಕೆ ಅಂಟಿಕೊಂಡೇ ಇರುತ್ತದೆ, ಕಡೆಗೆ ಅದು ನೆಲ ಬಿಡುವ ವೇಳೆಗೆ ಭಾರವೆಲ್ಲ ಅಸ್ಥಿರವಾದ ಔನ್ನತ್ಯದಲ್ಲಿ ತೂಗುತ್ತಿರುತ್ತದೆ. ಅದೇ ಜಾಕನ್ನು ಆಕ್ಸಲ್ಲಿನ ಅಡಿಗೆ ಕೊಟ್ಟರೆ ಕೆಲವೇ ಅಂಗುಲಗಳಲ್ಲಿ ಕಾರ್ಯ ಮುಗಿಯುತ್ತದೆ. (ಮುಂಭಾಗದಲ್ಲಿ ಅಖಂಡವಾದ ಆಕ್ಸಲ್ ಇಲ್ಲದ ಈಚಿನ ಗಾಡಿಗಳಲ್ಲಿ ತಯಾರಕರು ಸೂಚಿಸಿದ ಜಾಗವನ್ನೇ ಹುಡುಕಿಕೊಳ್ಳಬೇಕು.)

ಈ ಎತ್ತರದ ಮೋಹವನ್ನು ತಣಿಸುವುದಕ್ಕೆಂದೇ ಅವತರಿಸಿದಂತಿದೆ ಹೈಲಿಫ್ಟ್ ಜಾಕು. 1905ರಷ್ಟು ಹಿಂದೆ ಅಮೆರಿಕದ ಇಂಡಿಯಾನಾ ಪ್ರಾಂತ್ಯದಲ್ಲಿ ಹುಟ್ಟಿ, ರೈತರ ಹೊಲಗಳಲ್ಲಿ ಬೇಲಿಕಂಬ ಕೀಳುವುದಕ್ಕೂ ಬಂಡಿ ಎತ್ತುವುದಕ್ಕೂ ಒದಗಿದ ಸಾಧನವಿದು. ಸಾಲುರಂಧ್ರಗಳ ಉಕ್ಕಿನ ಪಟ್ಟಿಯನ್ನು ಎರಡು ಪಿನ್ನುಗಳು ಒಂದಾದ ಮೇಲೊಂದರಂತೆ ಕಚ್ಚಿ ಮೇಲೇರುತ್ತವೆ. 48 ಅಂಗುಲದ್ದು, 60 ಅಂಗುಲದ್ದು ಸಾಮಾನ್ಯ. ಕೆಸರಿನಲ್ಲಿ ಹೂತ ಚಕ್ರವನ್ನು ಮೇಲೆತ್ತಿ ಅದರಡಿ ಕಲ್ಲು ತುಂಬುವುದಕ್ಕೆ ಇದರಂಥ ನೆಂಟ ಇನ್ನೊಬ್ಬನಿಲ್ಲ. ಆದರೆ ಅದರ ಪಾದ ಕಿರಿದು, ಕಾಯ ನೀಳ. ಭಾರ ಪಕ್ಕಕ್ಕೆ ಸ್ವಲ್ಪ ಸರಿದರೆ ಸಾಕು, ಅದು ವಾಲುತ್ತದೆ. ಇಳಿಸುವಾಗಿನ ಅಪಾಯ ಇನ್ನೂ ಸೂಕ್ಷ್ಮವಾದುದು. ಏರಿಕೆಯನ್ನು ಇಳಿಕೆಗೆ ತಿರುಗಿಸುವ ಚಿಕ್ಕ ಚಿಲಕವನ್ನು, ಹಿಡಿಯು ಪಟ್ಟಿಗೆ ಒರಗಿ ನೆಟ್ಟಗೆ ನಿಂತಿರುವಾಗ ಮಾತ್ರ ಮುಟ್ಟಬೇಕು. ಹಿಡಿ ಕೆಳಗಿರುವಾಗ ಮುಟ್ಟಿದರೆ ಜೀಪಿನ ಭಾರವೇ ಅದನ್ನು ಚಿಮ್ಮಿಸಿ ಎದುರಿಗಿದ್ದವನ ದವಡೆಗೆ ಬಡಿಯುತ್ತದೆ. ಟೈರು ಬದಲಾಯಿಸುವ ನಿತ್ಯಕರ್ಮಕ್ಕೆ ಇಷ್ಟು ಉಗ್ರವಾದ ದೇವತೆಯನ್ನು ಆವಾಹಿಸಬೇಕೆಂದು ನನಗೆ ತೋರುವುದಿಲ್ಲ.

ಗಾಡಿಯೊಂದಿಗೆ ಬರುವ ಕತ್ತರಿಜಾಕಿನ ಗುಣವೆಂದರೆ ತಿರುಪಿನ ಘರ್ಷಣೆಯೇ ಅದನ್ನು ಹಿಡಿದಿಡುವುದು, ಎಣ್ಣೆ ಸೋರುವ ಭಯವಿಲ್ಲ. ದೋಷವೆಂದರೆ ಅದು ಗಾಡಿಯ ಮೂಲದ ಎತ್ತರಕ್ಕೆ ಅಳೆದು ಮಾಡಿದುದು. ಬಾಟಲ್ ಜಾಕಿನದು ಬೇರೆ ತತ್ತ್ವ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮವಾಗಿ ಹರಡುವುದೆಂದು 17ನೆಯ ಶತಮಾನದಲ್ಲಿ ಪಾಸ್ಕಲ್ ಕಂಡುಕೊಂಡ ನಿಯಮವನ್ನು ಬ್ರಾಮಾ ಎಂಬ ಇಂಗ್ಲಿಷ್ ಯಂತ್ರಶಿಲ್ಪಿ 1795ರಲ್ಲಿ ಒತ್ತುಯಂತ್ರವಾಗಿಸಿ ಪೇಟೆಂಟು ಪಡೆದನು. ನಮ್ಮ ಬಾಟಲ್ ಜಾಕು ಆ ವಂಶದ್ದೇ. ಒಂದು ಕೈಯ ಬಲದಿಂದ ಜೀಪಿನ ಮೂಲೆಯೊಂದು ಏಳುವುದನ್ನು ಕಂಡಾಗ ಮನುಷ್ಯಬುದ್ಧಿಯ ಬಗೆಗೆ ಗೌರವ ಹುಟ್ಟದಿರದು. ಆದರೆ ಎದ್ದ ಆ ಭಾರವನ್ನು ಅಲ್ಲಿ ನಿಲ್ಲಿಸಿರುವುದು ಒಂದು ಸೀಲು, ಒಂದು ಪುಟ್ಟ ಕವಾಟ, ಬೆರಳೆಣಿಕೆಯ ತೊಟ್ಟು ಎಣ್ಣೆ. ಎತ್ತುವುದರಲ್ಲಿ ಅದಕ್ಕಿರುವ ಅಧಿಕಾರ ಹೊತ್ತು ನಿಲ್ಲುವುದರಲ್ಲಿ ಇಲ್ಲ. ಅದರ ಪಾದವೋ ಅಂಗೈಯಗಲದ್ದು. ಮಳೆಗಾಲದ ಮಲೆನಾಡಿನ ಮಣ್ಣಿನಲ್ಲಿ ಜೀಪು ಏಳುವ ಬದಲು ಜಾಕೇ ಇಳಿಯುತ್ತದೆ. ಆದುದರಿಂದ ಅಡಿಯಲ್ಲಿ ಅಗಲವಾದ ಗಟ್ಟಿ ಹಲಗೆ ಬೇಕು.

ಇನ್ನು ಹ್ಯಾಂಡ್‌ಬ್ರೇಕಿನ ವಿಷಯ. ಹಳೆಯ ವಿಲ್ಲಿಸ್ ಜೀಪಿನಲ್ಲಿ ಈ ಬ್ರೇಕು ಹಿಡಿಯುವುದು ಚಕ್ರವನ್ನಲ್ಲ, ಗೇರುಪೆಟ್ಟಿಗೆಯಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ದಂಡವನ್ನು. ಎರಡು ಹಿಂಚಕ್ರಗಳೂ ನೆಲದ ಮೇಲಿದ್ದಾಗ ಇದು ಭದ್ರವಾದುದೇ. ಹಿಂದಿನ ಒಂದು ಚಕ್ರ ನೆಲ ಬಿಟ್ಟಿತೆನ್ನಿ. ದಂಡ ಬಿಗಿಯಾಗಿಯೇ ಇದ್ದರೂ ಡಿಫರೆನ್ಶಿಯಲ್ಲಿನ ಕೃಪೆಯಿಂದ ಗಾಳಿಯಲ್ಲಿದ್ದ ಚಕ್ರ ಒಂದು ದಿಕ್ಕಿಗೂ ನೆಲದಲ್ಲಿದ್ದುದು ಇನ್ನೊಂದು ದಿಕ್ಕಿಗೂ ಉರುಳಬಲ್ಲವು, ಮುಂಚಕ್ರಗಳಿಗೆ ಗೇರು ಕೂಡಿಸಿರದಿದ್ದರೆ ಜೀಪು ಜಾಕಿನಿಂದ ಜಾರಿ ಇಳಿಜಾರಿಗೆ ಹೊರಟೇಬಿಡುತ್ತದೆ. ಬ್ರೇಕು ಎಳೆದಿದೆ, ಆದುದರಿಂದ ಗಾಡಿ ನಿಂತಿದೆ ಎಂಬ ಅನುಮಾನದಲ್ಲಿ ನೈಯಾಯಿಕರು ಉಪಾಧಿಯೆಂದು ಕರೆಯುವ ದೋಷ ಅಡಗಿದೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆನ್ನುವುದು ಹಸಿ ಸೌದೆಯಿದ್ದರೆ ಮಾತ್ರ ನಿಜವಾಗುವಂತೆ, ಎಳೆದ ಬ್ರೇಕು ನಿಲ್ಲಿಸುವುದೂ ಎರಡು ಹಿಂಚಕ್ರಗಳೂ ನೆಲದಲ್ಲಿದ್ದರೆ ಮಾತ್ರ ನಿಜ. ಆ ನಿಬಂಧನೆಯನ್ನು ನಾವೇ ಜಾಕು ಹಾಕಿ ಕಿತ್ತುಹಾಕುತ್ತೇವೆ. ನೆಲದಲ್ಲಿ ಉಳಿದ ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಬೇಕೆಂಬ ಡ್ರೈವರುಗಳ ನಿಯಮ ಒಳ್ಳೆಯ ತರ್ಕಶಾಸ್ತ್ರವೂ ಹೌದು.

ಹೀಗೆ ಎಲ್ಲವನ್ನೂ ಶಂಕಿಸುತ್ತ ಹೋದರೆ ಟೈರು ಬದಲಾಯಿಸುವುದೆಂತು ಎಂದು ಕೇಳಬಹುದು. ನೈಯಾಯಿಕನಾದ ಉದಯನಾಚಾರ್ಯನು ಇದೇ ಬಗೆಯ ಆಕ್ಷೇಪಕ್ಕೆ ಉತ್ತರ ಹೇಳಿದ್ದಾನೆ: ಸಂಶಯಕ್ಕೂ ಒಂದು ಎಲ್ಲೆಯುಂಟು, ನಮ್ಮ ನಡೆಯೇ ಅದನ್ನು ಅಲ್ಲಗಳೆಯುವಲ್ಲಿ ಅದು ನಿಲ್ಲುತ್ತದೆ. ಊಟಕ್ಕೆ ಕುಳಿತವನು ಅನ್ನ ಹಸಿವನ್ನು ತೀರಿಸುವುದೆ ಎಂದು ಶಂಕಿಸುವುದು ಬರಿಯ ಮಾತು. ಆದರೆ ಎಲ್ಲ ನಂಬಿಕೆಗಳ ಬೆಲೆಯೂ ಒಂದೇ ಅಲ್ಲ. ಜಾಕು ಗಾಡಿಯನ್ನು ಎತ್ತೀತೆಂಬ ನಂಬಿಕೆ ತಪ್ಪಿದರೆ ಹೋಗುವುದು ಸ್ವಲ್ಪ ಹೊತ್ತು; ಎತ್ತಿದುದನ್ನು ಹಿಡಿದಿಟ್ಟೀತೆಂಬ ನಂಬಿಕೆ ತಪ್ಪಿದರೆ ಅದನ್ನು ತಿದ್ದಿಕೊಳ್ಳಲು ನಂಬಿದವನೇ ಉಳಿಯುವುದಿಲ್ಲ. ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ ನಂಬಿಕೆಯ ನೀತಿಯನ್ನು ಕುರಿತು ಬರೆದ ಪ್ರಬಂಧದಲ್ಲಿ ಒಬ್ಬ ಹಡಗಿನ ಒಡೆಯ ಬರುತ್ತಾನೆ. ಹಡಗು ಹಳತಾಗಿದೆಯೆಂಬ ಶಂಕೆಯನ್ನು ಬಲವಂತವಾಗಿ ಅಡಗಿಸಿ, ದೈವ ಕಾಪಾಡುವುದೆಂದು ಸಮಾಧಾನ ಹೇಳಿಕೊಂಡು, ಪ್ರಯಾಣಿಕರನ್ನು ಹತ್ತಿಸಿ ಕಳುಹಿಸುತ್ತಾನೆ. ಹಡಗು ಸುಖವಾಗಿ ದಡ ಸೇರಿದ್ದರೂ ಅವನ ಅಪರಾಧ ಕಿಂಚಿತ್ತೂ ಕಡಮೆಯಾಗುತ್ತಿರಲಿಲ್ಲವೆನ್ನುತ್ತಾನೆ ಕ್ಲಿಫರ್ಡ್. ಇದುವರೆಗೆ ಎಷ್ಟೋ ಸಲ ಹೀಗೆಯೇ ಮಾಡಿದ್ದೇನೆ, ಏನೂ ಆಗಿಲ್ಲ ಎನ್ನುವ ಜೀಪಿನ ಯಜಮಾನನಿಗೆ, ಅದರಲ್ಲಿಯೂ ತಾನು ದೂರ ನಿಂತು ಕೂಲಿಯಾಳನ್ನು ಗಾಡಿಯಡಿಗೆ ಕಳುಹಿಸುವ ಯಜಮಾನನಿಗೆ, ಈ ತೀರ್ಪು ನೇರವಾಗಿ ಅನ್ವಯಿಸುತ್ತದೆ.

ಬ್ರಹ್ಮಾಸ್ತ್ರದ ದೃಷ್ಟಾಂತ ಇಲ್ಲಿ ಸಲ್ಲದೆಂದು ಹೇಳಬೇಕಾದುದು ಇದಕ್ಕಾಗಿ. ಅನ್ಯಾಶ್ರಯವನ್ನು ಸಹಿಸದಿರುವುದು ಸರ್ವಶಕ್ತವಾದ ಆಶ್ರಯಕ್ಕೆ ಮಾತ್ರ ಒಪ್ಪುವ ಲಕ್ಷಣ. ಕಬ್ಬಿಣಕ್ಕೆ ಆ ಅಭಿಮಾನವಿಲ್ಲ. ಪಕ್ಕದಲ್ಲಿ, ಎತ್ತಿದ ಭಾರವನ್ನು ಹೊರುವ ಜಾಕ್‌ಸ್ಟ್ಯಾಂಡು ಬಂದು ನಿಂತರೆ ಜಾಕು ತನ್ನ ಹಿಡಿತವನ್ನು ಸಡಿಲಿಸುವುದಿಲ್ಲ. ಸೀಮಿತವಾದುದಕ್ಕೆ ಅಸೀಮವಾದ ವಿಶ್ವಾಸವನ್ನು ಸಲ್ಲಿಸುವುದನ್ನು ಭಕ್ತಿಯೆನ್ನಲು ನನಗೆ ಮನಸ್ಸು ಬಾರದು. ಆಚಾರ್ಯರಾದರೂ ಪ್ರಪನ್ನನು ಮೋಕ್ಷಕ್ಕೆ ಬೇರೆ ಉಪಾಯವನ್ನು ಅರಸಬಾರದೆಂದರೇ ಹೊರತು, ಹೊಳೆ ದಾಟುವಾಗ ದೋಣಿಯ ತೂತನ್ನು ಮುಚ್ಚಬಾರದೆಂದು ಹೇಳಲಿಲ್ಲ.

ಜೀಪನ್ನು ಎತ್ತರಿಸಿಕೊಂಡವರು ನನ್ನ ಮಾತು ಕೇಳುವುದಾದರೆ ಆಕ್ಸಲ್ಲಿಗೆ ಕೊಡಲು ಒಳ್ಳೆಯ ಬಾಟಲ್ ಜಾಕು, ಒಂದು ಹಲಗೆ, ಒಂದು ಸ್ಟ್ಯಾಂಡು ಇಷ್ಟನ್ನು ಗಾಡಿಯಲ್ಲಿ ಇರಿಸಿಕೊಳ್ಳಲಿ. ಸ್ಟ್ಯಾಂಡಿಲ್ಲದ ದಿನ ಸ್ಟೆಪ್ನಿಯನ್ನಾದರೂ ಚಾಸಿಯ ಅಡಿಯಲ್ಲಿ ಮಲಗಿಸಲಿ. ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಸಡಿಲಿಸಲಿ. ಕೊಳ್ಳುವ ಮುನ್ನ ಟೇಪು ಹಿಡಿದು ಎರಡು ಅಳತೆ ನೋಡಲಿ: ಗಾಳಿ ಪೂರ್ತಿ ಇಳಿದ ಟೈರಿನ ಮೇಲೆ ಆಕ್ಸಲ್ ಕುಸಿದಾಗಲೂ ಜಾಕು ಅದರಡಿ ತೂರಬೇಕು, ಗಾಳಿ ತುಂಬಿದ ಹೊಸ ಚಕ್ರ ನೆಲಕ್ಕೆ ತಾಗದಷ್ಟು ಅದು ಏರಲೂ ಬೇಕು. ಈ ಪರೀಕ್ಷೆಯನ್ನು ಮನೆಯಂಗಳದ ಸಮನೆಲದಲ್ಲಿ, ಹಗಲು ಹೊತ್ತಿನಲ್ಲಿ, ಒಮ್ಮೆ ಮಾಡಿ ನೋಡಲಿ.