ಮೇಲ್ದಂಡೆಯವನ ಹೊಣೆ

ಶಕ್ತಿ ಎಂದೊಡನೆ ನಮಗೆ ನೆನಪಾಗುವುದು ಸೈನ್ಯ ಮತ್ತು ಶಸ್ತ್ರಾಸ್ತ್ರ. ಆದರೆ ಯಾರನ್ನೂ ಹೊಡೆಯದೆ, ಬೆದರಿಸದೆ ಇತರರ ಬದುಕನ್ನು ನಿರ್ಧರಿಸುವ ಇನ್ನೊಂದು ಶಕ್ತಿಯೂ ಇದೆ. ಬ್ರಿಟನ್ನಿನ ವಿದ್ವಾಂಸೆ ಸೂಸನ್ ಸ್ಟ್ರೇಂಜ್ 1988ರ ತಮ್ಮ ಗ್ರಂಥದಲ್ಲಿ ಅದನ್ನು ವಿವರಿಸಿದರು. ಅದು ಆಟ ಗೆಲ್ಲುವ ಶಕ್ತಿಯಲ್ಲ, ಆಟದ ನಿಯಮಗಳನ್ನೇ ರೂಪಿಸುವ ಶಕ್ತಿ. ಅಂತಾರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ಮಹತ್ವದ ತೀರ್ಮಾನಗಳಿಗೆ ಶೇ. 85 ಮತಗಳು ಬೇಕು. ಅಮೆರಿಕವೊಂದರ ಬಳಿಯೇ ಶೇ. 16ಕ್ಕಿಂತ ಹೆಚ್ಚು ಮತಗಳಿವೆ. ಅದು ಒಪ್ಪದಿದ್ದರೆ ಉಳಿದ ದೇಶಗಳೆಲ್ಲ ಒಂದಾದರೂ ಅಂತಹ ತೀರ್ಮಾನ ಸಾಧ್ಯವಿಲ್ಲ.

ಈ ಮಾತು ಬೀದರ್-ಔರಾದ್ ದಾರಿಯಲ್ಲಿರುವ ಜನವಾಡದ ರೈತನಿಗೆ ದೂರದ್ದೆನಿಸಬಹುದು. ಆದರೆ ಅವನ ಸೀಮೆಯ ಮಂಜ್ರಾ ನದಿಯೇ ಇದಕ್ಕೆ ನಿದರ್ಶನ. ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟಿ, ಲಾತೂರನ್ನು ಹಾದು ಬೀದರ್ ಜಿಲ್ಲೆಗೆ ಬರುವ ಈ ನದಿ ಮುಂದೆ ತೆಲಂಗಾಣದಲ್ಲಿ ಗೋದಾವರಿಯನ್ನು ಸೇರುತ್ತದೆ. 1956ರ ವರೆಗೆ ಈ ಪ್ರದೇಶವೆಲ್ಲ ಹೈದರಾಬಾದ್ ರಾಜ್ಯದಲ್ಲಿತ್ತು. ಆ ವರ್ಷ ರಾಜ್ಯಗಳು ಪುನರ್ವಿಂಗಡಣೆಯಾದವು. ನದಿ ದಾರಿ ಬದಲಿಸಲಿಲ್ಲ. ಒಂದು ಸರಕಾರದ ನೀರು ಮೂರು ಸರಕಾರಗಳ ನೀರಾಯಿತು. 1969ರಲ್ಲಿ ನೇಮಕವಾದ ಗೋದಾವರಿ ನ್ಯಾಯಮಂಡಳಿ 1980ರಲ್ಲಿ ಅಂತಿಮ ತೀರ್ಪಿತ್ತಿತು. ಪಾಲು ಕಾಗದದ ಮೇಲೆ ನಿಶ್ಚಿತವಾಯಿತು. ಆದರೆ ಮಳೆ ಕೈಕೊಟ್ಟ ವರ್ಷ ಹರಿಯುವುದು ಕಾಗದವಲ್ಲ, ಮೇಲಿನವನು ಬಿಟ್ಟಷ್ಟು ನೀರು.

ಮೇಲಿನವನಾದರೂ ಸುಖಿಯೇ? ಲಾತೂರು ಸೀಮೆಯಲ್ಲಿ ಕಬ್ಬು ನೀರು ಕುಡಿಯುತ್ತಲೇ ಇತ್ತು. 2016ರ ಬೇಸಗೆಯಲ್ಲಿ ಆ ನಗರದ ಜನರಿಗೆ ಮಿರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು.

1997ರಲ್ಲಿ ವಿಶ್ವಸಂಸ್ಥೆಯು ಅಂತಾರಾಷ್ಟ್ರೀಯ ನದಿಗಳ ಕುರಿತ ಒಪ್ಪಂದವನ್ನು ಅಂಗೀಕರಿಸಿತು. 103 ದೇಶಗಳು ಪರವಾಗಿ ನಿಂತವು. ವಿರೋಧಿಸಿದವು ಮೂರೇ: ಟರ್ಕಿ, ಚೀನಾ, ಬುರುಂಡಿ. ಮೂರೂ ಮಹಾನದಿಗಳ ಮೇಲ್ದಂಡೆಯಲ್ಲಿವೆ. ಅವುಗಳಲ್ಲೊಂದು ಮುಸ್ಲಿಮ್ ಬಹುಸಂಖ್ಯಾತರ ದೇಶ. ಸ್ಥಾನದ ಮೋಹಕ್ಕೆ ಧರ್ಮಭೇದವಿಲ್ಲ.

ಹಾಗಾದರೆ ಎತ್ತರದಲ್ಲಿರುವುದೇ ತಪ್ಪೇ? ಅಲ್ಲ. ಮದೀನಾದ ಮಹ್ಝೂರ್ ಕಣಿವೆಯ ಪ್ರವಾಹದ ನೀರಿನ ಬಗ್ಗೆ ಪ್ರವಾದಿ(ಸ)ಯವರ ತೀರ್ಪನ್ನು ಹದೀಸ್ ಗ್ರಂಥಗಳು ವರದಿ ಮಾಡಿವೆ. ಮೇಲಿನ ಹೊಲದವನು ಮೊದಲು ಹಾಯಿಸಿಕೊಳ್ಳಲಿ. ನೀರು ಹರಡಿನ ಮಟ್ಟಕ್ಕೆ ಬಂದ ಮೇಲೆ ಕೆಳಗಿನವನಿಗೆ ಬಿಡಲಿ ಎಂಬುದು ಅದರ ತಾತ್ಪರ್ಯ. ಇಲ್ಲಿ ಸ್ಥಾನದ ಹಕ್ಕನ್ನು ನಿರಾಕರಿಸಿಲ್ಲ, ಅದಕ್ಕೆ ಮಿತಿ ಹಾಕಲಾಗಿದೆ. ಆ ಮಿತಿಯೂ ಬಲಿಷ್ಠನ ಇಚ್ಛೆಯಲ್ಲ. ಇಬ್ಬರ ಕಣ್ಣಿಗೂ ಕಾಣುವ ಅಳತೆ.

ಬೀದರ್ ಲಾತೂರಿಗೆ ಕೆಳದಂಡೆ. ಆದರೆ ಸಿಂಗೂರು ಜಲಾಶಯವನ್ನು ನಂಬಿದ ತೆಲಂಗಾಣದವರಿಗೆ ಅದೇ ಬೀದರ್ ಮೇಲ್ದಂಡೆ. ಊರೊಳಗೂ ಆಳವಾದ ಕೊಳವೆಬಾವಿ ಕೊರೆಸಿದವನು ನೆರೆಯವನ ಬಾವಿಗೆ ಮೇಲ್ದಂಡೆಯೇ. ಮೇಲಿನವರಿಂದ ನ್ಯಾಯ ಕೇಳುವುದು ಸುಲಭ, ಅದು ನಮ್ಮ ಹಕ್ಕೂ ಹೌದು. ಆದರೆ ನಮ್ಮ ನ್ಯಾಯನಿಷ್ಠೆಯ ಪರೀಕ್ಷೆ ನಡೆಯುವುದು ನಮ್ಮಿಂದ ಕೆಳಗೆ ಎಷ್ಟು ಹರಿಯಿತು ಎಂಬಲ್ಲಿ.